ಒಂಬತ್ತು ಹಲ್ಲಿನ ಲೆಕ್ಕ

ಜನವರಿಯಲ್ಲಿ ರಜೆ ಮುಗಿಸಿಕೊಂಡು ಮಕ್ಕಳು ಅರೆನಿದ್ದೆಯಲ್ಲಿ ಬಂದು ಕೂತಿರುತ್ತಾರೆ. ಆ ದಿನ ನಾನು ಪಾಠ ಮಾಡುವುದಿಲ್ಲ. ಬೋರ್ಡಿನ ಮೇಲೆ ಒಂದೇ ಒಂದು ಸಾಲು ಹಾಕುತ್ತೇನೆ. ಅದು ಒಂದು ಎಸ್ಟೇಟಿನ ಖರ್ಚಿನ ಪುಸ್ತಕದ ಸಾಲು. 1784ರ ಮೇ ತಿಂಗಳದ್ದು. ಕನ್ನಡದಲ್ಲಿ ಹೇಳುವುದಾದರೆ ಹೀಗೆ: ‘ಡಾಕ್ಟರ್ ಲೆಮ್ವಾರ್ ಲೆಕ್ಕದಲ್ಲಿ, ಒಂಬತ್ತು ಹಲ್ಲಿಗಾಗಿ ನೀಗ್ರೋಗಳಿಗೆ ಕೊಟ್ಟ ನಗದು, 6 ಪೌಂಡ್ 2 ಶಿಲಿಂಗ್.’

ಯಾರ ಪುಸ್ತಕ ಅಂತ ಹೇಳುವುದಿಲ್ಲ. ಐದು ನಿಮಿಷ ಸುಮ್ನೆ ನಿಂತಿರುತ್ತೇನೆ. ಮಕ್ಕಳ ನಿದ್ದೆ ಹಾರಿಹೋಗುತ್ತದೆ. ಹಲ್ಲನ್ನು ಕೊಳ್ಳುತ್ತಿದ್ದರಾ? ಯಾಕೆ? ಹಲ್ಲು ಕೊಟ್ಟವರು ಒಪ್ಪಿ ಕೊಟ್ಟರಾ? ದುಡ್ಡು ನಿಜವಾಗಿ ಅವರ ಕೈ ಸೇರಿತಾ?

ಹೋದ ವರ್ಷ ಹಿಂದಿನ ಸಾಲಿನ ಒಬ್ಬ ಹುಡುಗ ಕೈ ಎತ್ತಿದ. ಅರ್ಧ ವರ್ಷದಲ್ಲಿ ನನ್ನ ಹತ್ತಿರ ಹತ್ತು ಮಾತೂ ಆಡದವನು. ‘ಒಂದೇ ಬಾಯಿಂದ ಒಂಬತ್ತಾ, ಇಲ್ಲಾ ಒಂಬತ್ತು ಬಾಯಿಂದ ಒಂದೊಂದಾ?’ ಎಂದು ಕೇಳಿದ.

ಹನ್ನೊಂದು ವರ್ಷದಿಂದ ಆ ಸಾಲು ತೋರಿಸುತ್ತಿದ್ದೇನೆ. ಈ ಪ್ರಶ್ನೆ ನನಗೇ ಹೊಳೆದಿರಲಿಲ್ಲ.

ಪುಸ್ತಕ ಜಾರ್ಜ್ ವಾಷಿಂಗ್‌ಟನ್ ಅವರದ್ದು. ಅವರ ಮನೆ ಮೌಂಟ್ ವರ್ನನ್. ನಮ್ಮ ಸ್ಕೂಲ್ ಬಸ್ಸಿನಲ್ಲಿ ಹೊರಟರೆ ಟ್ರಾಫಿಕ್ ಇಲ್ಲದ ದಿನ ಅರ್ಧ ಗಂಟೆ.

ನಾನು ವರ್ಜೀನಿಯಾದ ಒಂದು ಹೈಸ್ಕೂಲಿನಲ್ಲಿ ಹನ್ನೊಂದನೇ ಕ್ಲಾಸಿಗೆ ಅಮೆರಿಕದ ಇತಿಹಾಸ ಹೇಳಿಕೊಡುತ್ತೇನೆ. ಹುಟ್ಟಿ ಬೆಳೆದದ್ದು ತಿಪಟೂರಿನ ಹತ್ತಿರ. ಬಿ.ಎಡ್. ಮುಗಿಸಿ ನಾಲ್ಕು ವರ್ಷ ಅಲ್ಲೇ ಸಮಾಜ ವಿಜ್ಞಾನದ ಟೀಚರ್ ಆಗಿದ್ದೆ. ಆಗ ನನ್ನ ಕೆಲಸ ಬಹಳ ಸಲೀಸಾಗಿತ್ತು. ‘ಗಾಂಧೀಜಿಯವರ ಸಾಧನೆಗಳನ್ನು ವಿವರಿಸಿ.’ ‘ವಿಶ್ವೇಶ್ವರಯ್ಯನವರ ಕೊಡುಗೆಗಳನ್ನು ಪಟ್ಟಿ ಮಾಡಿ.’ ಆರು ಪಾಯಿಂಟ್ ಬರೆದರೆ ಆರು ಅಂಕ. ಕೆಳಗೆ ಗೆರೆ ಎಳೆದರೆ ಇನ್ನೂ ಚೆಂದ.

ಇಲ್ಲಿ ಬಂದ ಮೇಲೆ ‘ಲೆಗಸಿ’ ಎಂಬ ಪದ ಸಿಕ್ಕಿತು. ಅಮೆರಿಕ ಕಟ್ಟಿದ ನಾಯಕರಲ್ಲಿ ಒಬ್ಬರನ್ನು ಹಿಡಿದು, ಅವರ ಲೆಗಸಿ ಏನು ಅಂತ ಎಂಟು ವಾರ ಹುಡುಕಿ, ಮೂಲ ದಾಖಲೆ ಇಟ್ಟುಕೊಂಡು ಪ್ರಬಂಧ ಬರೆಯುವುದು ಮಕ್ಕಳ ಕೆಲಸ. ಹೇಳಿಕೊಡುವ ಮೊದಲು ಆ ಪದವನ್ನು ನನಗೆ ನಾನೇ ಕನ್ನಡದಲ್ಲಿ ಹೇಳಿಕೊಳ್ಳಬೇಕಿತ್ತು. ಪರಂಪರೆ? ಅದು ತೇರು, ಪಲ್ಲಕ್ಕಿಯ ಮಾತು. ಕೊಡುಗೆ? ಅದರಲ್ಲಿ ಬರೀ ಒಳ್ಳೆಯದು ಮಾತ್ರ ಇರುತ್ತದೆ. ಕೆಟ್ಟ ಕೊಡುಗೆ ಎಂದು ಯಾರೂ ವ್ಯಂಗ್ಯಕ್ಕಲ್ಲದೆ ಹೇಳುವುದಿಲ್ಲ. ಕೊನೆಗೆ ನಮ್ಮ ಅಜ್ಜಿಯ ಮಾತು ನೆನಪಾಯಿತು. ತಾತ ತೀರಿಕೊಂಡ ಮೇಲೆ ಅವರು ‘ಬಿಟ್ಟುಹೋದದ್ದು’ ಅಂತ ಒಂದು ಟ್ರಂಕಿನಲ್ಲಿ ಕಾಗದ ಇಟ್ಟಿದ್ದರು. ತೆಂಗಿನ ತೋಟದ ಪತ್ರ ಅದರಲ್ಲೇ ಇತ್ತು. ಸೊಸೈಟಿ ಸಾಲದ ನೋಟಿಸೂ ಅದರಲ್ಲೇ ಇತ್ತು.

ಬಿಟ್ಟುಹೋದದ್ದು. ನನ್ನ ಮಟ್ಟಿಗೆ ಲೆಗಸಿ ಎಂದರೆ ಅದೇ. ತೋಟದ ಪತ್ರ ಸಿಕ್ಕಿತು ಅಂತ ಟ್ರಂಕ್ ಮುಚ್ಚಬಾರದು. ನೋಟಿಸ್ ಸಿಕ್ಕಿತು ಅಂತಲೂ ಮುಚ್ಚಬಾರದು.

ನಾನು ಐದನೇ ಕ್ಲಾಸಿನಲ್ಲಿದ್ದಾಗ ನಮ್ಮ ಮೇಷ್ಟ್ರು ವಾಷಿಂಗ್‌ಟನ್ ಅವರ ಚೆರ್ರಿ ಮರದ ಕಥೆ ಹೇಳಿದ್ದರು. ಪುಟ್ಟ ಹುಡುಗ ಕೊಡಲಿಯಿಂದ ಅಪ್ಪನ ಮರಕ್ಕೆ ಏಟು ಹಾಕಿ, ‘ಅಪ್ಪ, ನಾನು ಸುಳ್ಳು ಹೇಳಲಾರೆ’ ಎಂದನಂತೆ. ನಾವು ಚೆರ್ರಿ ಮರ ನೋಡಿರಲಿಲ್ಲ. ಬೇಕರಿ ಕೇಕಿನ ಮೇಲಿನ ಕೆಂಪು ಹಣ್ಣು ಅಷ್ಟೇ ಗೊತ್ತಿತ್ತು. ಆದರೂ ಕಥೆ ಮನಸ್ಸಿನಲ್ಲಿ ಉಳಿಯಿತು. ಅದು ಕಟ್ಟುಕಥೆ ಅಂತ ಗೊತ್ತಾಗಿದ್ದು ಇಲ್ಲಿಗೆ ಬಂದ ಮೇಲೆ. ಮೇಸನ್ ಲಾಕ್ ವೀಮ್ಸ್ ಎಂಬ ಪಾದ್ರಿ, ಪುಸ್ತಕ ಮಾರುತ್ತಾ ಊರೂರು ಸುತ್ತುತ್ತಿದ್ದವರು, ವಾಷಿಂಗ್‌ಟನ್ ಸತ್ತ ಮೇಲೆ ಅವರ ಜೀವನಚರಿತ್ರೆ ಬರೆದರು. ಮೊದಲ ಮುದ್ರಣದಲ್ಲಿ ಈ ಕಥೆ ಇರಲೇ ಇಲ್ಲ. 1806ರ ಐದನೇ ಮುದ್ರಣದಲ್ಲಿ ಬಂದು ಸೇರಿಕೊಂಡಿತು. ಸುಳ್ಳು ಹೇಳಬಾರದು ಅಂತ ಮಕ್ಕಳಿಗೆ ಕಲಿಸಲು ಒಬ್ಬರು ಸುಳ್ಳು ಹೇಳಿದರು. ಇದನ್ನು ಹೇಳಿದಾಗ ಕ್ಲಾಸಿನಲ್ಲಿ ಪ್ರತಿ ವರ್ಷ ಒಂದೇ ಥರದ ನಗು ಬರುತ್ತದೆ.

ಮರದ ಹಲ್ಲಿನ ಕಥೆಯೂ ಹಾಗೇ. ವಾಷಿಂಗ್‌ಟನ್ ಮರದ ಹಲ್ಲು ಕಟ್ಟಿಸಿಕೊಂಡಿದ್ದರು ಅಂತ ಇಲ್ಲಿನ ಮೂರನೇ ಕ್ಲಾಸಿನ ಮಕ್ಕಳಿಗೂ ಗೊತ್ತು. 1789ರ ಏಪ್ರಿಲ್ 30ರಂದು ನ್ಯೂಯಾರ್ಕಿನಲ್ಲಿ ಮೊದಲ ಅಧ್ಯಕ್ಷರಾಗಿ ಪ್ರಮಾಣ ಮಾಡಿದಾಗ ಅವರ ಬಾಯಲ್ಲಿ ಸ್ವಂತ ಹಲ್ಲು ಒಂದೇ ಉಳಿದಿತ್ತು ಎಂಬುದು ನಿಜ. ಆದರೆ ಕಟ್ಟಿಸಿಕೊಂಡ ಸೆಟ್ಟಿನಲ್ಲಿ ಮರ ಇರಲಿಲ್ಲ. ದಂತ, ಸೀಸ, ಪ್ರಾಣಿಯ ಹಲ್ಲು, ಮನುಷ್ಯರ ಹಲ್ಲು ಇದ್ದವು. ಮರದ ಹಲ್ಲಿನ ಕಥೆ ಕೇಳಿ ಬೆಳೆದ ಮಗುವಿಗೆ ಆ ಮನುಷ್ಯರು ಯಾರು ಅಂತ ಕೇಳುವ ಅವಕಾಶವೇ ಬರುವುದಿಲ್ಲ.

ಪ್ರಾಜೆಕ್ಟ್ ಶುರುವಾದ ದಿನ ಎರಡು ಪದಗಳನ್ನು ನಿಷೇಧಿಸುತ್ತೇನೆ: ಹೀರೋ, ಹಿಪೊಕ್ರಿಟ್ (ಆಷಾಢಭೂತಿ). ಆರನೇ ವಾರದವರೆಗೆ ಯಾರೂ ಬಳಸುವ ಹಾಗಿಲ್ಲ. ಮಕ್ಕಳು ಗೊಣಗುತ್ತಾರೆ. ಅವರಿಗೆ ಮೊದಲ ದಿನವೇ ತೀರ್ಪು ಕೊಡಬೇಕು. ತೀರ್ಪು ಕೊಟ್ಟ ಮೇಲೆ ಅದಕ್ಕೆ ಸಾಕ್ಷಿ ಹುಡುಕಬೇಕು. ಗೂಗಲ್‌ನಲ್ಲಿ ‘ವಾಷಿಂಗ್‌ಟನ್ ಯಾಕೆ ದೊಡ್ಡ ನಾಯಕ’ ಅಂತ ಹಾಕಿದರೆ ಹತ್ತು ಕಾರಣ. ‘ವಾಷಿಂಗ್‌ಟನ್ ಯಾಕೆ ಕೆಟ್ಟವನು’ ಅಂತ ಹಾಕಿದರೆ ಇನ್ನು ಹತ್ತು. ಎರಡನ್ನೂ ಪಕ್ಕಪಕ್ಕ ಇಟ್ಟು ‘ಹೀಗೂ ಇದೆ, ಹಾಗೂ ಇದೆ’ ಅಂತ ಬರೆದರೆ ಪ್ರಬಂಧ ಮುಗಿಯಿತು. ಅಂಥದ್ದನ್ನು ನಾನು ವರ್ಷಕ್ಕೆ ನೂರು ಓದಿದ್ದೇನೆ. ಓದಿದ ಹತ್ತು ನಿಮಿಷಕ್ಕೆ ಒಂದೂ ನೆನಪಿರುವುದಿಲ್ಲ.

ಅದಕ್ಕೇ ಹೇಳುತ್ತೇನೆ: ಮನುಷ್ಯನನ್ನು ಹಿಡಿಯಬೇಡಿ, ಒಂದು ಕಾಗದ ಹಿಡಿಯಿರಿ. ಒಂದು ಪತ್ರ, ಒಂದು ಜಾಹೀರಾತು, ಲೆಕ್ಕದ ಒಂದು ಸಾಲು. ಅದು ಹುಟ್ಟಿದ ವರ್ಷ ಯಾವ ಕಾನೂನು ಇತ್ತು? ಬರೆದವರಿಗೆ ಏನು ಗೊತ್ತಿತ್ತು? ಅವರ ಸುತ್ತ ಇದ್ದವರು ಬೇರೆ ಏನಾದರೂ ಮಾಡುತ್ತಿದ್ದರಾ? ಖರ್ಚು ಯಾರ ತಲೆಗೆ ಬಿತ್ತು?

ಕಾಗದಕ್ಕೆ ಈಗ ಬರ ಇಲ್ಲ. ನ್ಯಾಷನಲ್ ಆರ್ಕೈವ್ಸ್ 2013ರಲ್ಲಿ ಶುರು ಮಾಡಿದ ಫೌಂಡರ್ಸ್ ಆನ್‌ಲೈನ್ ಎಂಬ ಜಾಲತಾಣದಲ್ಲಿ ವಾಷಿಂಗ್‌ಟನ್, ಆಡಮ್ಸ್, ಜೆಫರ್ಸನ್, ಫ್ರಾಂಕ್ಲಿನ್, ಹ್ಯಾಮಿಲ್ಟನ್, ಮ್ಯಾಡಿಸನ್ ಇವರೆಲ್ಲರ ಬರಹ ಪುಕ್ಕಟೆ ಸಿಗುತ್ತದೆ. 1,80,000ಕ್ಕೂ ಜಾಸ್ತಿ ದಾಖಲೆಗಳು. ತಿಪಟೂರಿನಲ್ಲಿ ನನ್ನ ಮಕ್ಕಳಿಗೆ ಕೊಡಲು ಒಂದು ಅಟ್ಲಾಸ್ ಇತ್ತು, ಅದರಲ್ಲೂ ಆಫ್ರಿಕಾದ ಪುಟ ಇರಲಿಲ್ಲ. ಇಲ್ಲಿ ಹದಿನಾರು ವರ್ಷದ ಹುಡುಗಿ ಲಂಚ್ ಬ್ರೇಕಿನಲ್ಲಿ ಚಿಪ್ಸ್ ತಿನ್ನುತ್ತಾ ವಾಷಿಂಗ್‌ಟನ್ ಅವರ ಪತ್ರ ಓದುತ್ತಾಳೆ.

ಆದರೆ ಹುಡುಕುವುದೂ ಒಂದು ವಿದ್ಯೆ. ಆ ಹಲ್ಲಿನ ಲೆಕ್ಕವನ್ನೇ ತೆಗೆದುಕೊಳ್ಳಿ. ವಾಷಿಂಗ್‌ಟನ್ ಅವರ ಪುಸ್ತಕದಲ್ಲಿ ಡಾಕ್ಟರ್ ಹೆಸರು ‘ಲೆಮ್ವಾರ್’. ಎಸ್ಟೇಟ್ ನೋಡಿಕೊಳ್ಳುತ್ತಿದ್ದ ದೂರದ ನೆಂಟ ಲುಂಡ್ ವಾಷಿಂಗ್‌ಟನ್ ಅವರ ಪುಸ್ತಕದಲ್ಲಿ ಅದೇ ಲೆಕ್ಕ ಇದೆ, ಅಲ್ಲಿ ‘ಲೆಮೇ’. ಆ ಫ್ರೆಂಚ್ ದಂತವೈದ್ಯರ ನಿಜವಾದ ಹೆಸರು ಜಾನ್ ಪಿಯೆರ್ ಲ ಮೇಯರ್. ಸರಿಯಾದ ಹೆಸರು ಹಾಕಿ ಹುಡುಕಿದರೆ ಈ ಸಾಲು ಸಿಗುವುದೇ ಇಲ್ಲ. ನಾನು ಮಕ್ಕಳಿಗೆ ನಮ್ಮ ಉದಾಹರಣೆ ಕೊಡುತ್ತೇನೆ. ಟಿಪ್ಪು ಸುಲ್ತಾನ್ ಅಂತ ಹಾಕಬೇಡಿ, ‘ಟಿಪ್ಪೂ ಸಾಯಿಬ್’ ಅಂತ ಹಾಕಿ ನೋಡಿ. 1788ರಲ್ಲಿ ಫ್ರಾನ್ಸಿಗೆ ಬಂದಿಳಿದ ಟಿಪ್ಪುವಿನ ದೂತರ ಸುದ್ದಿ ಬರುತ್ತದೆ. ಆಗ ಪ್ಯಾರಿಸ್‌ನಲ್ಲಿ ಅಮೆರಿಕದ ಪ್ರತಿನಿಧಿಯಾಗಿದ್ದವರು ಜೆಫರ್ಸನ್.

ಸಿಗುವುದೆಲ್ಲ ನಿಜವೂ ಅಲ್ಲ. ವಾಷಿಂಗ್‌ಟನ್ ಹೇಳದ ಮಾತುಗಳು ಎಷ್ಟು ಓಡಾಡುತ್ತಿವೆ ಎಂದರೆ, ಮೌಂಟ್ ವರ್ನನ್‌ನವರು ಸುಳ್ಳು ಉಲ್ಲೇಖಗಳದ್ದೇ ಒಂದು ಪಟ್ಟಿ ಇಟ್ಟಿದ್ದಾರೆ. ಈಗ ಎಐ ಬೇರೆ. ಒಬ್ಬ ಹುಡುಗ ತಾರೀಖು, ಊರು ಎಲ್ಲ ಇರುವ ಒಂದು ಚೆಂದದ ಪತ್ರ ತಂದ. ಅಂಥ ಪತ್ರವೇ ಇರಲಿಲ್ಲ. ಬೈಯಲಿಲ್ಲ. ವೀಮ್ಸ್ ಪಾದ್ರಿಯ ಹೊಸ ಅವತಾರ ಎಂದೆ. ಅವನಿಗೆ ಅರ್ಥವಾಯಿತು.

ನನ್ನ ಕ್ಲಾಸಿನಲ್ಲಿ ಜಾಸ್ತಿ ಹೊತ್ತು ನಿಲ್ಲುವ ಕಾಗದ ಒಂದು ಜಾಹೀರಾತು. 1796ರ ಮೇ ತಿಂಗಳು, ಫಿಲಡೆಲ್ಫಿಯಾದ ಪತ್ರಿಕೆ. ಆಗ ದೇಶದ ರಾಜಧಾನಿ ಅದೇ ಊರು. ಅಧ್ಯಕ್ಷರ ಮನೆಯಿಂದ ಓನಿ ಜಡ್ಜ್ (ಓನಾ ಅಂತಲೂ ಹೆಸರು) ಎಂಬ ಹುಡುಗಿ ತಪ್ಪಿಸಿಕೊಂಡು ಹೋಗಿದ್ದಾಳೆ. ತಿಳಿ ಬಣ್ಣ, ಮುಖದ ತುಂಬ ಚುಕ್ಕೆ, ಕಡುಕಪ್ಪು ಕಣ್ಣು, ಪೊದೆಯಂಥ ಕೂದಲು. ಹಿಡಿದು ತಂದವರಿಗೆ 10 ಡಾಲರ್. ಹಾಕಿಸಿದವರು ಮನೆಯ ಮೇಲ್ವಿಚಾರಕ ಫ್ರೆಡರಿಕ್ ಕಿಟ್. ಅದರಲ್ಲಿ ಇನ್ನೊಂದು ಮಾತಿದೆ: ಓಡಿಹೋಗುವ ಅನುಮಾನ ಇರಲಿಲ್ಲ, ಹೋಗುವುದಕ್ಕೆ ಕಾರಣವೂ ಇರಲಿಲ್ಲ.

‘ಕಾರಣವೂ ಇರಲಿಲ್ಲ’ ಎಂಬುದರ ಕೆಳಗೆ ಗೆರೆ ಎಳೆಯಲು ಹೇಳುತ್ತೇನೆ. ಎರಡು ವಾರ ಆ ಗೆರೆಯ ಮೇಲೇ ಕೆಲಸ.

ಕಾರಣ ಒಂದೊಂದಾಗಿ ಸಿಗುತ್ತದೆ. ಫಿಲಡೆಲ್ಫಿಯಾ ಇರುವ ಪೆನ್ಸಿಲ್ವೇನಿಯಾ ರಾಜ್ಯ 1780ರಲ್ಲೇ ಗುಲಾಮಗಿರಿಯನ್ನು ನಿಧಾನವಾಗಿ ಕೊನೆಗಾಣಿಸುವ ಕಾಯ್ದೆ ಮಾಡಿತ್ತು. ಹೊರಗಿನವರು ತಂದ ಗುಲಾಮರು ಅಲ್ಲಿ ಆರು ತಿಂಗಳು ನೆಲೆಸಿದರೆ ಬಿಡುಗಡೆ ಕೇಳಬಹುದಿತ್ತು. ಆರು ತಿಂಗಳು ತುಂಬುವ ಮೊದಲೇ ಅವರನ್ನು ರಾಜ್ಯದ ಗಡಿ ದಾಟಿಸಿ ಮತ್ತೆ ಕರೆತರುವ ಏರ್ಪಾಟು ನಡೆಯಿತು. 1791ರ ಏಪ್ರಿಲ್‌ನಲ್ಲಿ ವಾಷಿಂಗ್‌ಟನ್ ತಮ್ಮ ಕಾರ್ಯದರ್ಶಿ ಟೋಬಿಯಸ್ ಲಿಯರ್‌ಗೆ ಬರೆದ ಪತ್ರದಲ್ಲಿ ಇದು ಇದೆ. ಆ ಗುಲಾಮರಿಗೂ ಜನರಿಗೂ ಗೊತ್ತಾಗದ ಹಾಗೆ ಏನಾದರೂ ನೆಪ ಹೇಳಿ ಮಾಡಿ ಅಂತ. ಈ ಪತ್ರ ಓದಿದ ದಿನ ಕ್ಲಾಸು ಸ್ತಬ್ಧವಾಗುತ್ತದೆ. ‘ಆ ಕಾಲವೇ ಹಾಗಿತ್ತು, ಅವರಿಗೆ ಗೊತ್ತಿರಲಿಲ್ಲ’ ಎಂಬ ಸಮಾಧಾನ ಅಲ್ಲಿಗೆ ನಿಲ್ಲುತ್ತದೆ. ಗೊತ್ತಿಲ್ಲದವರು ನೆಪ ಹುಡುಕುವುದಿಲ್ಲ, ಅಲ್ವಾ?

ಆಮೇಲೆ, ಮಾರ್ಥಾ ವಾಷಿಂಗ್‌ಟನ್ ತಮ್ಮ ಮೊಮ್ಮಗಳು ಎಲೈಜಾಗೆ ಮದುವೆಯ ಉಡುಗೊರೆಯಾಗಿ ಓನಾರನ್ನು ಕೊಡುವವರಿದ್ದರು. ಮನೆಯವರು ಊಟಕ್ಕೆ ಕೂತಿದ್ದಾಗ ಓನಾ ಹೊರಟುಬಿಟ್ಟರು. ಆಗ ಅವರಿಗೆ ಸುಮಾರು ಇಪ್ಪತ್ತೆರಡು ವರ್ಷ. ಹಡಗು ಹತ್ತಿ ನ್ಯೂ ಹ್ಯಾಂಪ್‌ಶೈರ್‌ನ ಪೋರ್ಟ್ಸ್‌ಮತ್‌ಗೆ ಹೋದರು. ಅಲ್ಲಿ ಸೆನೆಟರ್ ಒಬ್ಬರ ಮಗಳು ಅವರ ಗುರುತು ಹಿಡಿದಳು.

ಇಲ್ಲಿ ಒಂದು ಮಾತು ಹೇಳಿಬಿಡುತ್ತೇನೆ. ಈ ಬರಹದ ಮೊದಲ ಪ್ರತಿಯಲ್ಲಿ ನನ್ನ ಕೈ ತಾನಾಗಿಯೇ ವಾಷಿಂಗ್‌ಟನ್‌ಗೆ ‘ಅವರು’ ಅಂತ ಬರೆದಿತ್ತು, ಓನಾಗೆ ‘ಅವಳು’ ಅಂತ. ಇಂಗ್ಲಿಷಿನಲ್ಲಿ ಹನ್ನೊಂದು ವರ್ಷ ಹೇಳಿಕೊಟ್ಟಾಗ ಇದು ಕಾಣಿಸಲೇ ಇಲ್ಲ. ಕನ್ನಡದಲ್ಲಿ ಬರೆಯಲು ಕೂತಾಗ ಬಯಲಾಯಿತು. ಅಳಿಸಿ ತಿದ್ದಿದ್ದೇನೆ.

ವಾಷಿಂಗ್‌ಟನ್ ಬಿಡಲಿಲ್ಲ. ಖಜಾನೆ ಕಾರ್ಯದರ್ಶಿ ಆಲಿವರ್ ವಾಲ್ಕಾಟ್‌ಗೆ ಬರೆದರು. ಹುಡುಗಿಯನ್ನು ಆಳಿನ ಹಾಗಲ್ಲ, ಮಗುವಿನ ಹಾಗೆ ಸಾಕಿದ್ದೆವು ಎಂಬ ಮಾತು ಆ ಪತ್ರದಲ್ಲಿದೆ. ಪೋರ್ಟ್ಸ್‌ಮತ್‌ನ ಕಸ್ಟಮ್ಸ್ ಅಧಿಕಾರಿ ಜೋಸೆಫ್ ವಿಪಲ್ ಓನಾರನ್ನು ಕಂಡು ಮಾತಾಡಿದರು. ಯಾರೋ ಪುಸಲಾಯಿಸಿ ಕರೆತಂದಿದ್ದಾರೆ ಎಂದು ವಾಷಿಂಗ್‌ಟನ್ ನಂಬಿದ್ದರು. ಅಂಥದ್ದೇನೂ ಇಲ್ಲ, ಇವರಿಗೆ ಬೇಕಾಗಿರುವುದು ಪೂರ್ತಿ ಸ್ವಾತಂತ್ರ್ಯ ಎಂದು ವಿಪಲ್ ಉತ್ತರ ಬರೆದರು. ನಿಮ್ಮಿಬ್ಬರ ಕಾಲದ ನಂತರ ಬಿಡುಗಡೆ ಕೊಡುತ್ತೇವೆ ಎಂದರೆ ಓನಾ ವಾಪಸ್ ಬರುತ್ತಾರಂತೆ ಎಂದೂ ತಿಳಿಸಿದರು. ವಾಷಿಂಗ್‌ಟನ್ ಒಪ್ಪಲಿಲ್ಲ. ಗುಲಾಮರ ಬಿಡುಗಡೆಯ ಬಗ್ಗೆ ತಮಗೆ ಒಲವಿದ್ದರೂ, ನಿಷ್ಠೆ ತಪ್ಪಿದವರಿಗೆ ಮೊದಲು ಬಹುಮಾನ ಕೊಟ್ಟಂತಾಗುತ್ತದೆ, ಅದು ನ್ಯಾಯವಲ್ಲ ಎಂದು 1796ರ ನವೆಂಬರ್ 28ರಂದು ಬರೆದರು. ಜೊತೆಗೆ, ಗಲಾಟೆ ಆಗುವಂತಿದ್ದರೆ ಬಲವಂತ ಬೇಡ ಎಂದರು.

ಒಂದು ವರ್ಷ ಒಬ್ಬಳು ಹುಡುಗಿ ವಾಷಿಂಗ್‌ಟನ್ ಬಿಟ್ಟು ಈ ವಿಪಲ್ ಮೇಲೆ ಪ್ರಬಂಧ ಬರೆದಳು. ಸರ್ಕಾರಿ ನೌಕರ. ಮೇಲಿನಿಂದ ಆದೇಶ ಬಂದಿದೆ, ಬಂದಿರುವುದು ದೇಶದ ಅಧ್ಯಕ್ಷರಿಂದಲೇ. ಆಗಲ್ಲ ಅನ್ನಲಿಲ್ಲ, ಆಗುತ್ತೆ ಅಂತ ಮಾಡಲೂ ಇಲ್ಲ. ಪತ್ರ ಬರೆಯುತ್ತಾ ಕಾಲ ತಳ್ಳಿದ. ‘ಇವನು ನಿಧಾನ ಮಾಡಿದ್ದು ಹೆದರಿಕೆಯಿಂದಲಾ, ಒಳ್ಳೆಯತನದಿಂದಲಾ?’ ಅಂತ ಅವಳು ನನ್ನನ್ನು ಮೂರು ವಾರ ಪೀಡಿಸಿದಳು. ಅವಳ ಅಮ್ಮ ಎಲ್ ಸಾಲ್ವಡಾರ್‌ನಿಂದ ಬಂದವರು. ಸರ್ಕಾರಿ ಕಚೇರಿಯ ಕಿಟಕಿ ಏನು ಎಂಬುದು ಆ ಮಗುವಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ಇಷ್ಟು ವರ್ಷದಲ್ಲಿ ನಾನು ಓದಿದ ಅತಿ ಒಳ್ಳೆಯ ಪ್ರಬಂಧ ಅದು.

1845 ಮತ್ತು 1847ರಲ್ಲಿ ಇಬ್ಬರು ಓನಾರ ಮಾತು ಕೇಳಿ ಪತ್ರಿಕೆಗಳಲ್ಲಿ ಹಾಕಿಸಿದರು. ಆಗ ಅವರು ಬಡವರು. ಗಂಡ ಸತ್ತಿದ್ದರು, ಮಕ್ಕಳೂ ಉಳಿದಿರಲಿಲ್ಲ. ಓಡಿಬಂದ ಮೇಲೆ ಇನ್ನೂ ಜಾಸ್ತಿ ದುಡಿದಿರಲ್ಲ, ಬೇಜಾರಿಲ್ಲವೇ ಎಂದು ಕೇಳಿದ್ದಕ್ಕೆ, ಇಲ್ಲ, ನಾನು ಸ್ವತಂತ್ರಳು ಎಂದರು. 1848ರಲ್ಲಿ ತೀರಿಕೊಂಡಾಗಲೂ ಕಾನೂನಿನ ಲೆಕ್ಕದಲ್ಲಿ ಅವರು ತಪ್ಪಿಸಿಕೊಂಡ ಗುಲಾಮರೇ. ಮೊಮ್ಮಗಳ ಉಡುಗೊರೆ ಏನಾಯಿತು ಎಂದು ಕೇಳುತ್ತೀರಾ? ಓನಾ ಬದಲು ಅವರ ತಂಗಿ ಡೆಲ್ಫಿಯನ್ನು ಕೊಟ್ಟರು.

ಇಷ್ಟು ಓದಿದ ಮೇಲೆ ಮಕ್ಕಳ ಕೈಗೆ ಉಯಿಲು ಕೊಡುತ್ತೇನೆ. 1799ರ ಜುಲೈ 9. ಇಪ್ಪತ್ತೊಂಬತ್ತು ಪುಟ, ವಾಷಿಂಗ್‌ಟನ್ ಸ್ವಂತ ಕೈಬರಹ. ತಮ್ಮ ಹೆಸರಿನಲ್ಲಿದ್ದ ಗುಲಾಮರನ್ನು ಮಾರ್ಥಾ ಅವರ ಕಾಲದ ನಂತರ ಬಿಡುಗಡೆ ಮಾಡಬೇಕು, ವಯಸ್ಸಾದವರನ್ನು ನೋಡಿಕೊಳ್ಳಬೇಕು, ಅನಾಥ ಮಕ್ಕಳಿಗೆ ಓದು ಬರಹ ಕಲಿಸಬೇಕು. ಹೀಗೆ ಬರೆದವರು ಹನ್ನೊಂದನೇ ವಯಸ್ಸಿನಲ್ಲಿ ಅಪ್ಪ ಸತ್ತಾಗಲೇ ಹತ್ತು ಜನ ಗುಲಾಮರಿಗೆ ಯಜಮಾನರಾದವರು. ಐವತ್ತು ವರ್ಷದಲ್ಲಿ ಏನೋ ಅಲುಗಾಡಿದೆ. ಏನದು?

ಅದೇ ದಿನ ಬೋರ್ಡಿನ ಮೇಲೆ ಲೆಕ್ಕವನ್ನೂ ಹಾಕುತ್ತೇನೆ. ಆ ವರ್ಷ ಮೌಂಟ್ ವರ್ನನ್‌ನಲ್ಲಿ ಇದ್ದ ಗುಲಾಮರು 317. ವಾಷಿಂಗ್‌ಟನ್ ಅವರ ಹೆಸರಿನಲ್ಲಿದ್ದವರು 123. ಮಾರ್ಥಾರ ಮೊದಲ ಗಂಡನ ಆಸ್ತಿಯ ಪಾಲಾಗಿ ಬಂದವರು 153. ಉಳಿದವರು ಬಾಡಿಗೆಗೆ ತಂದವರು. ಆ 153 ಜನರನ್ನು ಬಿಡುಗಡೆ ಮಾಡುವ ಹಕ್ಕು ಕಾನೂನಿನ ಪ್ರಕಾರ ಗಂಡ ಹೆಂಡತಿ ಇಬ್ಬರಿಗೂ ಇರಲಿಲ್ಲ. ನಲವತ್ತು ವರ್ಷದಲ್ಲಿ ಇವರೂ ಅವರೂ ಮದುವೆಯಾಗಿ ಮಕ್ಕಳಾಗಿದ್ದವು. ಒಂದೇ ಗುಡಿಸಲಿನಲ್ಲಿ ಅಪ್ಪನಿಗೆ ಬಿಡುಗಡೆ, ಅಮ್ಮನಿಗೂ ಮಕ್ಕಳಿಗೂ ಇಲ್ಲ. ಮಾರ್ಥಾ ಕಾಯದೆ 1801ರ ಜನವರಿ 1ಕ್ಕೇ ಆ 123 ಜನರನ್ನು ಬಿಟ್ಟರು. 1802ರಲ್ಲಿ ಅವರು ತೀರಿಕೊಂಡ ಮೇಲೆ ಉಳಿದವರು ನಾಲ್ಕು ಮೊಮ್ಮಕ್ಕಳಿಗೆ ಹಂಚಿಹೋದರು. ಇತ್ತ ಬಿಡುಗಡೆಯಾದ ಮುದುಕರಿಗೆ ವಾಷಿಂಗ್‌ಟನ್ ಎಸ್ಟೇಟ್ 1833ರವರೆಗೂ ಖರ್ಚು ಕೊಟ್ಟಿತು.

ತೋಟದ ಪತ್ರ, ಸೊಸೈಟಿ ನೋಟಿಸ್. ಎರಡೂ ಒಂದೇ ಟ್ರಂಕಿನಲ್ಲಿ.

ಈಗಿನ ಮಕ್ಕಳ ಜೊತೆ ಒಂದು ವಿಚಿತ್ರ ಕಷ್ಟ ಇದೆ. ನೋಟಿಸನ್ನು ತಕ್ಷಣ ನಂಬುತ್ತಾರೆ. ತೋಟ ನಂಬಿಸುವುದೇ ಕಷ್ಟ. 1783ರ ಡಿಸೆಂಬರ್ 23ರಂದು ಅನಾಪೊಲಿಸ್‌ನಲ್ಲಿ ವಾಷಿಂಗ್‌ಟನ್ ಸೇನಾಧಿಪತಿಯ ಹುದ್ದೆಯನ್ನು ಕಾಂಗ್ರೆಸ್ಸಿಗೆ, ಅಂದರೆ ಇಲ್ಲಿನ ಸಂಸತ್ತಿಗೆ, ಹಿಂದಿರುಗಿಸಿ ಮನೆಗೆ ಹೋದರು. ಬ್ರಿಟಿಷರ ವಿರುದ್ಧ ಸ್ವಾತಂತ್ರ್ಯದ ಯುದ್ಧ ಗೆದ್ದ ಸೈನ್ಯ ಕೈಯಲ್ಲಿತ್ತು. ‘ಸೋ ವಾಟ್?’ ಅನ್ನುತ್ತಾರೆ ಮಕ್ಕಳು. ‘ಕೆಲಸ ಬಿಟ್ಟರು, ಅಷ್ಟೇ ತಾನೆ?’ ಆಗ ನಾನು ಅದೇ ಶತಮಾನದ ಕೊನೆಗೆ ಸೈನ್ಯದ ಬಲದಿಂದ ಅಧಿಕಾರ ಹಿಡಿದ ನೆಪೋಲಿಯನ್ ಕಡೆ ಹೋಗುತ್ತೇನೆ. ನಮ್ಮ ಕ್ಲಾಸಿನಲ್ಲಿ ಸೂಡಾನ್‌ನಿಂದ, ಇಥಿಯೋಪಿಯಾದಿಂದ ಬಂದ ಮನೆಗಳ ಮಕ್ಕಳಿದ್ದಾರೆ. ಸೇನಾಧಿಪತಿ ಮನೆಗೆ ಹೋಗದಿದ್ದರೆ ಏನಾಗುತ್ತದೆ ಎಂಬುದನ್ನು ಅವರು ಉಳಿದವರಿಗೆ ಹೇಳುತ್ತಾರೆ. ನಾನು ಬಾಯಿ ಮುಚ್ಚಿಕೊಂಡು ಕೂರುತ್ತೇನೆ.

1790ರದ್ದು ಇನ್ನೊಂದು ಜೋಡಿ. ಆ ವರ್ಷ ವಾಷಿಂಗ್‌ಟನ್ ನ್ಯೂಪೋರ್ಟಿನ ಯಹೂದಿಗಳಿಗೆ ಒಂದು ಪತ್ರ ಬರೆದರು. ಈ ಸರ್ಕಾರ ಮತದ್ವೇಷಕ್ಕೆ ಒಪ್ಪಿಗೆ ಕೊಡುವುದಿಲ್ಲ, ಹಿಂಸೆಗೆ ನೆರವಾಗುವುದಿಲ್ಲ ಅಂತ. ಆ ಮಾತು ಮೂಲತಃ ಅವರದ್ದಲ್ಲ. ಆ ಸಭೆಯ ಪರವಾಗಿ ಮೋಸೆಸ್ ಸೇಯ್ಕ್ಸಸ್ ಬರೆದ ಪತ್ರದಲ್ಲೇ ಇತ್ತು, ಅದನ್ನೇ ತಿರುಗಿ ಬರೆದರು. ಅಧ್ಯಕ್ಷರೂ ಕಾಪಿ ಹೊಡೆಯುತ್ತಿದ್ದರು ಎಂದು ಮಕ್ಕಳಿಗೆ ಹಬ್ಬ. ಅದೇ ವರ್ಷದ ಮಾರ್ಚ್‌ನಲ್ಲಿ ಅವರು ಸಹಿ ಹಾಕಿದ ಪೌರತ್ವ ಕಾಯ್ದೆಯಲ್ಲಿ ಹೊರಗಿನಿಂದ ಬಂದವರು ಪೌರರಾಗಬೇಕಾದರೆ ‘ಸ್ವತಂತ್ರ ಬಿಳಿಯ’ ಆಗಿರಬೇಕು ಎಂದಿತ್ತು. ಆ ‘ಬಿಳಿಯ’ ಎಂಬ ಒಂದು ಪದ ಹಿಡಿದು 1923ರಲ್ಲಿ ಇಲ್ಲಿನ ಸುಪ್ರೀಂ ಕೋರ್ಟ್ ಭಗತ್ ಸಿಂಗ್ ಥಿಂಡ್ ಎಂಬ ಪಂಜಾಬಿಗೆ ಪೌರತ್ವ ಇಲ್ಲ ಎಂದಿತು. ಭಾರತೀಯರಿಗೆ ಬಾಗಿಲು ತೆರೆದದ್ದು 1946ರಲ್ಲಿ. ನಾನು ಪೌರತ್ವದ ಸಂದರ್ಶನಕ್ಕೆ ಓದಿಕೊಂಡ ನೂರು ಪ್ರಶ್ನೆಗಳಲ್ಲಿ ‘ಮೊದಲ ಅಧ್ಯಕ್ಷರು ಯಾರು’ ಎಂಬುದೂ ಇತ್ತು, ‘ರಾಷ್ಟ್ರಪಿತ ಯಾರು’ ಎಂಬುದೂ ಇತ್ತು. ಎರಡಕ್ಕೂ ಒಂದೇ ಉತ್ತರ. ಆ ಉತ್ತರ ಸಹಿ ಹಾಕಿದ ಕಾಯ್ದೆ ಹಾಗೇ ಉಳಿದಿದ್ದರೆ ನಾನು ಆ ಕುರ್ಚಿಯಲ್ಲಿ ಕೂರುತ್ತಲೇ ಇರಲಿಲ್ಲ. ಅಧಿಕಾರಿಗೆ ಇದನ್ನೆಲ್ಲ ಹೇಳಲಿಲ್ಲ. ಸುಮ್ನೆ ‘ಜಾರ್ಜ್ ವಾಷಿಂಗ್‌ಟನ್’ ಎಂದು ಹೇಳಿ ಬಂದೆ.

ಮೈಸೂರಿನವರ ಮಗಳೊಬ್ಬಳು ಎರಡು ವರ್ಷದ ಹಿಂದೆ ಕ್ಲಾಸಿನಲ್ಲಿದ್ದಳು. ಅವಳಿಗೆ ಇದ್ಯಾವುದೂ ಬೇಡ. 1781ರ ಅಕ್ಟೋಬರ್ 19ರಂದು ಯಾರ್ಕ್‌ಟೌನ್‌ನಲ್ಲಿ ಬ್ರಿಟಿಷರು ಶರಣಾದಾಗ ಲಾರ್ಡ್ ಕಾರ್ನ್‌ವಾಲಿಸ್ ಹುಷಾರಿಲ್ಲ ಅಂತ ಹೇಳಿ ಕೈಕೆಳಗಿನವರನ್ನು ಕಳಿಸಿದರು ಎಂದೆ. ‘ಆಮೇಲೆ ಆ ಮನುಷ್ಯನಿಗೆ ಏನಾಯಿತು?’ ಎಂದು ಯಾರೋ ಕೇಳಿದರು. ‘ನಿಮ್ಮ ತಾತನನ್ನು ಕೇಳು’ ಎಂದು ನಾನು ಈ ಹುಡುಗಿಗೆ ಹೇಳಿದೆ. ರಾತ್ರಿ ವಾಟ್ಸಾಪ್‌ನಲ್ಲಿ ಒಂದು ಗಂಟೆ ಪಾಠ ಆಗಿದೆ. 1786ರಲ್ಲಿ ಭಾರತಕ್ಕೆ ಗವರ್ನರ್ ಜನರಲ್ ಆಗಿ ಬಂದದ್ದು, 1792ರಲ್ಲಿ ಶ್ರೀರಂಗಪಟ್ಟಣಕ್ಕೆ ಮುತ್ತಿಗೆ ಹಾಕಿದ್ದು, ಟಿಪ್ಪುವಿನ ಅರ್ಧ ರಾಜ್ಯ, 3 ಕೋಟಿ 30 ಲಕ್ಷ ರೂಪಾಯಿ, ಇಬ್ಬರು ಗಂಡುಮಕ್ಕಳನ್ನು ಒತ್ತೆಯಾಗಿ ತೆಗೆದುಕೊಂಡದ್ದು. ಮರುದಿನ ಅವಳು ಇನ್ನೊಂದನ್ನೂ ಹುಡುಕಿ ತಂದಳು: ಇದೇ ಅಮೆರಿಕದ ಯುದ್ಧದಲ್ಲಿ ಪೆನ್ಸಿಲ್ವೇನಿಯಾದವರ ಒಂದು ಹಡಗಿಗೆ ‘ಹೈದರ್ ಅಲಿ’ ಎಂದು ಹೆಸರಿಟ್ಟಿದ್ದರು. 1782ರ ಏಪ್ರಿಲ್‌ನಲ್ಲಿ ಡೆಲಾವೇರ್ ಕೊಲ್ಲಿಯಲ್ಲಿ ಆ ಹಡಗು ‘ಜನರಲ್ ಮಂಕ್’ ಎಂಬ ಬ್ರಿಟಿಷ್ ಹಡಗನ್ನು ಹಿಡಿಯಿತು. ಶತ್ರುವಿನ ಶತ್ರು ಅಂತ ಇಟ್ಟ ಹೆಸರು. ಅವಳ ತಾತನಿಗೂ ಇದು ಗೊತ್ತಿರಲಿಲ್ಲವಂತೆ, ಎರಡು ದಿನ ಊರಿಗೆಲ್ಲ ಹೇಳಿಕೊಂಡು ಬಂದರಂತೆ.

ಟಿಪ್ಪು ಮಾತು ಬಂದಾಗ ಇನ್ನೊಂದು ಪ್ರಶ್ನೆ ತಪ್ಪುವುದಿಲ್ಲ. ನಿಮ್ಮ ಊರಿನಲ್ಲಿ ಇಂಥ ಜಗಳ ಇಲ್ಲವಾ ಮಿಸ್? ಇದೆ ಎಂದೆ. 2015ರಲ್ಲಿ ಸರ್ಕಾರ ಜಯಂತಿ ಶುರು ಮಾಡಿತು, 2019ರಲ್ಲಿ ಬಂದ ಸರ್ಕಾರ ನಿಲ್ಲಿಸಿತು. ‘ಯಾವ ಪ್ರೈಮರಿ ಸೋರ್ಸ್ (ಮೂಲ ದಾಖಲೆ) ನೋಡಿ?’ ಎಂದು ಕೇಳಿದರು. ನನಗೆ ನಗು ತಡೆಯಲಾಗಲಿಲ್ಲ.

ಇಲ್ಲಿಯೂ ಕಡಿಮೆಯೇನಿಲ್ಲ. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ವಾಷಿಂಗ್‌ಟನ್ ಹೆಸರಿನದ್ದೇ ಒಂದು ಹೈಸ್ಕೂಲಿದೆ. ಅದರ ಗೋಡೆಗಳ ಮೇಲೆ 1936ರಲ್ಲಿ ವಿಕ್ಟರ್ ಆರ್ನಾಟಫ್ ಎಂಬ ಎಡಪಂಥೀಯ ಕಲಾವಿದ ವಾಷಿಂಗ್‌ಟನ್ ಬದುಕಿನ ಚಿತ್ರ ಬರೆದರು. ಹೊಗಳಿಕೆಯ ಚಿತ್ರವಲ್ಲ, ಹೊಲದಲ್ಲಿ ದುಡಿಯುವ ಗುಲಾಮರು, ಸತ್ತು ಬಿದ್ದ ಒಬ್ಬ ಮೂಲನಿವಾಸಿ ಅದರಲ್ಲಿದ್ದಾರೆ. 2019ರಲ್ಲಿ ಅಲ್ಲಿನ ಶಾಲಾ ಮಂಡಳಿ ಮೊದಲು ಬಣ್ಣ ಬಳಿಯೋಣ ಎಂದಿತು, ಆಮೇಲೆ ಹಲಗೆ ಹೊಡೆದು ಮುಚ್ಚೋಣ ಎಂದಿತು. 2022ರಲ್ಲಿ ಅದನ್ನೂ ಕೈಬಿಟ್ಟಿತು. ನಮ್ಮ ಮಕ್ಕಳು ಎರಡು ಗುಂಪಾದರು. ದಿನಾ ಲಂಚಿಗೆ ಹೋಗುವಾಗ ಸತ್ತವನನ್ನು ದಾಟಿಕೊಂಡು ಹೋಗುವ ಮಕ್ಕಳ ಕಷ್ಟ ಒಂದು ಕಡೆ. ನಿಜ ತೋರಿಸಿದವನ ಚಿತ್ರಕ್ಕೇ ಹಲಗೆ ಹೊಡೆಯುವುದು ಇನ್ನೊಂದು ಕಡೆ. ನನ್ನ ಮನಸ್ಸು ಎರಡನೇ ಕಡೆಗೆ. ಆದರೆ ನಾನು ಆ ಗೋಡೆಯ ಕೆಳಗೆ ನಾಲ್ಕು ವರ್ಷ ಊಟ ಮಾಡಿಲ್ಲ.

ಏಳನೇ ವಾರ ಮೌಂಟ್ ವರ್ನನ್‌ಗೆ ಕರೆದುಕೊಂಡು ಹೋಗುತ್ತೇನೆ. ದೂರದಿಂದ ಕಲ್ಲಿನ ಮನೆ. ಹತ್ತಿರ ಹೋಗಿ ಮುಟ್ಟಿದರೆ ಮರ. ಹಲಗೆಯನ್ನು ಕಲ್ಲಿನ ಇಟ್ಟಿಗೆಯಂತೆ ಕೊರೆದು, ಹಸಿ ಬಣ್ಣದ ಮೇಲೆ ಮರಳು ಎರಚಿ ಮಾಡಿದ ಗೋಡೆ. ಒಳಗೆ ಫ್ರಾನ್ಸಿನ ಗೆಳೆಯ ಲಾಫಯೆಟ್ ಕಳಿಸಿದ, ಪ್ಯಾರಿಸ್‌ನ ಬಾಸ್ಟಿಲ್ ಜೈಲಿನ ಬೀಗದ ಕೈ ತೂಗುಹಾಕಿದ್ದಾರೆ. ಹಿಂದೆ ಪೊಟೊಮ್ಯಾಕ್ ನದಿ. ವಾಷಿಂಗ್‌ಟನ್ ಸಮಾಧಿಯಿಂದ ಸ್ವಲ್ಪ ದೂರದಲ್ಲಿ ಗುಲಾಮರ ಸ್ಮಶಾನ. ಅಲ್ಲಿ 1929ರಲ್ಲಿ ಒಂದು ಕಲ್ಲು ನೆಟ್ಟರು. 1983ರಲ್ಲಿ ಹೊವಾರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳು ರೂಪಿಸಿದ ಸ್ಮಾರಕ ಬಂತು. 2014ರಿಂದ ಪುರಾತತ್ವದವರು ಮೇಲುಮಣ್ಣು ತೆಗೆದು, ಕೆಳಗಿನ ಮಣ್ಣಿನ ಬಣ್ಣ ಬದಲಾದ ಜಾಗ ನೋಡಿ ಗೋರಿಗಳನ್ನು ಗುರುತಿಸುತ್ತಿದ್ದಾರೆ. ಅಗೆದು ಯಾರನ್ನೂ ಹೊರಗೆ ತೆಗೆಯುವುದಿಲ್ಲ.

ಹಿಂದಿನ ಸಾಲಿನ ಆ ಹುಡುಗ ಅಲ್ಲಿ ತುಂಬ ಹೊತ್ತು ನಿಂತಿದ್ದ. ಬಸ್ ಹೊರಡುವಾಗ ಅವನನ್ನು ಕರೆತರಲು ಒಬ್ಬರನ್ನು ಕಳಿಸಬೇಕಾಯಿತು.

ಅವನ ಪ್ರಬಂಧದ ಮೊದಲ ಕರಡಿನಲ್ಲಿ ‘ವಾಷಿಂಗ್‌ಟನ್ ತಮ್ಮ ಗುಲಾಮರ ಹಲ್ಲನ್ನು ಕಿತ್ತು ಹಾಕಿಕೊಂಡಿದ್ದರು’ ಎಂದಿತ್ತು. ವಾಪಸ್ ಕೊಟ್ಟೆ. ಎಲ್ಲಿ ಬರೆದಿದೆ ತೋರಿಸು ಎಂದೆ. ಸಿಟ್ಟು ಬಂತು ಅವನಿಗೆ. ನೀವೂ ಅವರ ಕಡೆಯೇ ಎಂದ. ಪುಸ್ತಕದಲ್ಲಿ ಇರುವುದು ಹಲ್ಲಿಗೆ ದುಡ್ಡು ಕೊಟ್ಟದ್ದು, ಡಾಕ್ಟರ್ ಲೆಕ್ಕಕ್ಕೆ ಸೇರಿದ್ದು, ಅಷ್ಟೇ. ಆ ಹಲ್ಲು ಯಾರ ಬಾಯಿಗೆ ಹೋಯಿತು ಎಂಬುದು ಆ ಸಾಲಿನಲ್ಲಿ ಇಲ್ಲ. ಇರುವುದಕ್ಕಿಂತ ಒಂದು ಪದ ಜಾಸ್ತಿ ಬರೆದರೆ ಓದುವವರು ಆ ಒಂದು ಪದ ಹಿಡಿದು ನಿನ್ನ ಇಡೀ ಪ್ರಬಂಧವನ್ನು ಬದಿಗಿಡುತ್ತಾರೆ ಎಂದೆ. ಮೂರು ದಿನ ಮಾತಾಡಲಿಲ್ಲ. ನಾಲ್ಕನೇ ದಿನ ತಿದ್ದಿಕೊಂಡು ಬಂದ. ಹಲ್ಲು ಕೊಳ್ಳುತ್ತೇವೆ ಎಂದು ಆ ಕಾಲದ ಪತ್ರಿಕೆಗಳಲ್ಲಿ ಬರುತ್ತಿದ್ದ ಜಾಹೀರಾತಿನ ದರ ಹುಡುಕಿ, ಇಲ್ಲಿ ಕೊಟ್ಟದ್ದು ಅದಕ್ಕಿಂತ ಎಷ್ಟು ಕಡಿಮೆ ಎಂದು ಹೋಲಿಸಿದ್ದ. ಮೊದಲ ಕರಡಿನ ಕೂಗಾಟಕ್ಕಿಂತ ಈ ಒಂದು ಭಾಗಾಕಾರ ಓದಿದಾಗ ನನಗೆ ಜಾಸ್ತಿ ಸಂಕಟವಾಯಿತು.

ಕೊನೆಯ ದಿನ ಗ್ರಂಥಸೂಚಿ ಮಾಡುತ್ತಾ ಕೂತಿದ್ದ. ಲೇಖಕರ ಹೆಸರು ಹಾಕುವ ಜಾಗದಲ್ಲಿ ಯಾರ ಹೆಸರು ಹಾಕಲಿ ಎಂದು ಕೇಳಿದ. ಪುಸ್ತಕ ವಾಷಿಂಗ್‌ಟನ್ ಅವರದ್ದು, ಅವರದ್ದೇ ಹಾಕು ಎಂದೆ. ಹಲ್ಲು ಕೊಟ್ಟವರದ್ದನ್ನು ಎಲ್ಲಿ ಹಾಕಲಿ ಎಂದ. ಈ ಫಾರ್ಮ್ಯಾಟಿನಲ್ಲಿ ಅದಕ್ಕೆ ಜಾಗ ಇಲ್ಲ, ಕೆಳಗೆ ಟಿಪ್ಪಣಿಯಲ್ಲಿ ಏನಾದರೂ ಬರೆಯಬಹುದು ಎಂದೆ.

ಪ್ರತಿಯೊಂದು ದಾಖಲೆಯ ಕೆಳಗೆ ನಾಲ್ಕೈದು ವಾಕ್ಯ ಬರೆಯಬೇಕು ಎಂಬುದು ನಿಯಮ. ಅವನು ಎರಡೇ ಬರೆದಿದ್ದ: ‘ಈ ಸಾಲಿನಲ್ಲಿ ಒಬ್ಬರ ಹೆಸರಿದೆ. ಡಾಕ್ಟರದ್ದು.’